ಡಿಕ್ಕಿಯಲ್ಲಿ ವೂಫರ್ ಬಚ್ಚಿಡೋಕೆ ಯಾವ ಜಾಗ ಬೆಸ್ಟ್? ಸ್ಟೆಪ್ನಿ ಗುಂಡಿ, ಫಾಲ್ಸ್ ಫ್ಲೋರ್, ಮೂಲೆ ಬಾಕ್ಸ್: ಮಾಡಿಸಿ ನೋಡಿದ ಹೋಲಿಕೆ

ಕಲಬುರಗಿಯಲ್ಲಿ ಕಾರಿನ ಡಿಕ್ಕಿ ಖಾಲಿ ಇರೋದು ಶೋರೂಮಿನಿಂದ ಮನೆಗೆ ಬರುವ ದಿನ ಮಾತ್ರ. ಆಮೇಲೆ ಹೊಲದಿಂದ ತೊಗರಿ ಚೀಲ, ಗಾಣಗಾಪುರಕ್ಕೆ ಹೊರಟಾಗ ಮನೆಮಂದಿಯ ಬ್ಯಾಗು, ಮದುವೆ ಸೀಸನ್ನಿನಲ್ಲಿ ಆಯೇರಿನ ಸಾಮಾನು, ಏನಾದರೂ ಒಂದು ಇದ್ದೇ ಇರುತ್ತದೆ. ಅಂಥ ಡಿಕ್ಕಿಯಲ್ಲಿ 12 ಇಂಚಿನ ಸಬ್‌ವೂಫರ್ (ಬರೀ ಬೇಸ್‌ಗೆಂದೇ ಇರುವ ದೊಡ್ಡ ಸ್ಪೀಕರ್, ವೂಫರ್ ಅಥವಾ ಸಬ್ ಅಂತಲೂ ಅನ್ನುತ್ತಾರೆ) ಇರುವ ರೆಡಿಮೇಡ್ ಬಾಕ್ಸ್ ಇಟ್ಟರೆ ಅರ್ಧ ಜಾಗ ಹೋಯಿತು ಅಂತಲೇ ಲೆಕ್ಕ. ಜೊತೆಗೆ ಅಪ್ಪನ ಮಾತು ಬೇರೆ: "ಏನಪ್ಪಾ, ಗಾಡಿ ಡಿಜೆ ಮಾಡೀದಿ ಏನು?"

ಹಾಗಾಗಿ ಸಬ್‌ವೂಫರ್ ಕಾಣಬಾರದು, ಸಾಮಾನಿಗೆ ಅಡ್ಡ ಬರಬಾರದು, ಬೇಸ್ ಮಾತ್ರ ಕಡಿಮೆ ಆಗಬಾರದು. ಈ ಮೂರನ್ನೂ ಇಟ್ಟುಕೊಂಡು ಬೇರೆ ಬೇರೆ ಜಾಗದಲ್ಲಿ ಕೂರಿಸಿ ಕೇಳಿದ್ದೇನೆ. ನನ್ನದು ಸ್ವಿಫ್ಟ್, 268 ಲೀಟರ್ ಡಿಕ್ಕಿಯ ಮಾಡೆಲ್. ಹೆಡ್ ಯೂನಿಟ್ (ಡ್ಯಾಶ್‌ಬೋರ್ಡಿನ ಮ್ಯೂಸಿಕ್ ಪ್ಲೇಯರ್) ಒಂದೇ, ಮೊನೊ ಆಂಪ್ (ಸಬ್‌ಗೆ ಶಕ್ತಿ ಕೊಡುವ ಆಂಪ್ಲಿಫೈಯರ್) ಒಂದೇ. ಆಂಪ್ ಒಳಗೇ ಇರುವ ಆಕ್ಟಿವ್ ಸಬ್‌ಗಳನ್ನು ಮಾತ್ರ ಅವುಗಳ ಪಾಡಿಗೆ ಬಿಟ್ಟೆ. ಪೆನ್‌ಡ್ರೈವ್‌ನಲ್ಲಿ 30, 40, 50, 63, 80 ಹರ್ಟ್ಜ್ ಟೋನ್ ಹಾಕಿಕೊಂಡಿದ್ದೆ (ಅಂಕಿ ಸಣ್ಣದಾದಷ್ಟೂ ಬೇಸ್ ಆಳ). ಹಾಡಿಗೆ ಒಂದು ಡಿಜೆ ರೀಮಿಕ್ಸ್, ದಮ್ಮಡಿ ಇರುವ ಒಂದು ಭಜನೆ, ಮತ್ತೆ ಒಂದು ಡೊಳ್ಳಿನ ರೆಕಾರ್ಡಿಂಗ್. ಮೂರರಲ್ಲಿ ಡೊಳ್ಳೇ ಕಠಿಣ ಪರೀಕ್ಷೆ. ಕೋಲು ಬೀಳುವ ಸದ್ದು ಡೋರ್ ಸ್ಪೀಕರ್‌ನಿಂದ ಬರುತ್ತದೆ, ಅದರ ಹಿಂದಿನ ಗುಮ್ಮು ಸಬ್‌ನಿಂದ. ಎರಡೂ ಒಟ್ಟಿಗೆ ಬರದಿದ್ದರೆ ಡೊಳ್ಳು ಎರಡು ತುಂಡಾದ ಹಾಗೆ ಕೇಳುತ್ತದೆ. ಮೊಬೈಲಿನ ಡೆಸಿಬೆಲ್ ಆಪ್ ನಂಬಬೇಡಿ. ಫೋನಿನ ಮೈಕ್ ತೀರಾ ಕೆಳಗಿನ ಬೇಸ್ ಸರಿಯಾಗಿ ಹಿಡಿಯುವುದಿಲ್ಲ. ಒಂದು ಜಾಗಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ನೋಡಲು ಸಾಕು, ಅಷ್ಟೇ.

ಹೋಲಿಕೆಗೆ ಮೊದಲು ಎರಡು ವಿಷಯ ಹೇಳಿಬಿಡುತ್ತೇನೆ. ಸುಮಾರು 80 ಹರ್ಟ್ಜ್‌ಗಿಂತ ಕೆಳಗಿನ ಸದ್ದು ಯಾವ ಕಡೆಯಿಂದ ಬರುತ್ತಿದೆ ಅಂತ ಕಿವಿಗೆ ಗೊತ್ತಾಗುವುದಿಲ್ಲ. 50 ಹರ್ಟ್ಜ್ ಅಲೆಯ ಉದ್ದವೇ ಸುಮಾರು 7 ಮೀಟರ್, ಇಡೀ ಕಾರಿಗಿಂತ ಜಾಸ್ತಿ. ಬಚ್ಚಿಡೋಕೆ ಆಗೋದೇ ಇದರಿಂದ. ಮೇಲೆ ತೆಳು ಕಾರ್ಪೆಟ್ ಬಟ್ಟೆ ಬಿದ್ದರೂ ಬೇಸ್‌ಗೆ ಏನೂ ಆಗುವುದಿಲ್ಲ. ಆದರೆ ಪ್ಲೈವುಡ್ ಮುಚ್ಚಿದರೆ ಆಗುತ್ತದೆ. ಕೋನ್ (ವೂಫರಿನ ಮುಂದೆ ಅಲುಗಾಡುವ ಬಟ್ಟಲಿನಂಥ ಭಾಗ) ತಳ್ಳುವ ಗಾಳಿ ಕ್ಯಾಬಿನ್‌ಗೆ ಬರಲು ದಾರಿ ಬೇಕು. 10 ಇಂಚಿನ ವೂಫರಿನ ಕೋನ್ ಸುಮಾರು 340 ಚದರ ಸೆಂಟಿಮೀಟರ್ ಇರುತ್ತದೆ. ದಾರಿ ಕನಿಷ್ಠ ಅಷ್ಟಾದರೂ ಇರಲಿ.

ಎರಡನೆಯದು ಬಾಕ್ಸಿನ ಲೀಟರ್. 10 ಇಂಚಿನ ಮಾಮೂಲಿ ವೂಫರಿಗೆ ಸೀಲ್ಡ್ (ಗಾಳಿ ಹೋಗದಂತೆ ಪೂರ್ತಿ ಮುಚ್ಚಿದ) ಬಾಕ್ಸ್ 17ರಿಂದ 28 ಲೀಟರ್ ಒಳಗೆ ಬೇಕಾಗುತ್ತದೆ. ಇದಕ್ಕಿಂತ ಸಣ್ಣ ಡಬ್ಬಿಯಲ್ಲಿ ತುರುಕಿದರೆ ಬೇಸ್ ಸಾಯುವುದಿಲ್ಲ, 60-80 ಹರ್ಟ್ಜ್ ಹತ್ತಿರ ಗುಡ್ಡದ ಹಾಗೆ ಎದ್ದು ನಿಲ್ಲುತ್ತದೆ. ಆಗ ಯಾವ ಹಾಡು ಹಾಕಿದರೂ ಒಂದೇ 'ಧುಂ'. ಇದನ್ನೇ ಎಷ್ಟೋ ಜನ ಒಳ್ಳೆ ಬೇಸ್ ಅಂದುಕೊಂಡಿರುತ್ತಾರೆ!

ಪೋರ್ಟೆಡ್ ಬಾಕ್ಸ್ (ಗಾಳಿಗೆ ತೂತು ಬಿಟ್ಟದ್ದು) ಈ ಹೋಲಿಕೆಯಲ್ಲಿ ಇಲ್ಲ. ಅದು ಇನ್ನೂ ಜಾಸ್ತಿ ಜಾಗ ಕೇಳುತ್ತದೆ. ಅಲ್ಲದೆ ಸಣ್ಣ ಕಾರಿನ ಕ್ಯಾಬಿನ್ ಸುಮಾರು 60 ಹರ್ಟ್ಜ್‌ಗಿಂತ ಕೆಳಗೆ ತಾನಾಗಿಯೇ ಬೇಸ್ ಎತ್ತಿ ಕೊಡುತ್ತದೆ. ಸೀಲ್ಡ್ ಬಾಕ್ಸಿನ ಬೇಸ್ ಕೆಳಗೆ ಹೋದಂತೆ ನಿಧಾನವಾಗಿ ಇಳಿಯುತ್ತದೆ, ಕ್ಯಾಬಿನ್ ಅದನ್ನು ತುಂಬಿಕೊಡುತ್ತದೆ. ಬಚ್ಚಿಡುವವರಿಗೆ ಸೀಲ್ಡ್ ಬಾಕ್ಸೇ ಸರಿ.

ಮೊದಲು ಸೀಟಿನ ಕೆಳಗಿನ ಆಕ್ಟಿವ್ ಸಬ್. ಇದು ಡಿಕ್ಕಿಗೆ ಸಂಬಂಧವೇ ಇಲ್ಲದ್ದು, ಆದರೂ ಎಲ್ಲರೂ ಮೊದಲು ಕೇಳೋದು ಇದನ್ನೇ. 8 ಇಂಚಿನ ಚಪ್ಪಟೆ ಡಬ್ಬಿ, ಒಳಗೇ ಆಂಪ್. ಡಿಕ್ಕಿ ಪೂರ್ತಿ ಉಳಿಯುತ್ತದೆ. 63 ಮತ್ತು 80ರಲ್ಲಿ ಚೆನ್ನಾಗಿದೆ, 50ರಲ್ಲಿ ಪರವಾಗಿಲ್ಲ, 40ಕ್ಕೆ ಬಂದಾಗ ಸೀಟು ನಡುಗುತ್ತದೆ, ಕಿವಿಗೆ ಏನೂ ಬರುವುದಿಲ್ಲ. ಭಜನೆಗೆ ಸಾಕು, ಡೊಳ್ಳಿಗೆ ಸಾಲದು. ಸಿಎನ್‌ಜಿ ಸಿಲಿಂಡರ್ ಡಿಕ್ಕಿ ನುಂಗಿರುವ ಗಾಡಿಯವರಿಗೆ ಬೇರೆ ದಾರಿ ಕಡಿಮೆ, ಅವರು ಇದನ್ನೇ ಹಾಕಿಸಿಕೊಳ್ಳಲಿ.

ಸ್ಟೆಪ್ನಿ ಗುಂಡಿಯಲ್ಲಿ ಎರಡು ಜಾತಿ. ಒಂದು, ಸ್ಟೆಪ್ನಿ ಅಲ್ಲೇ ಇರುತ್ತದೆ, ಅದರ ರಿಮ್ಮಿನ ಬಟ್ಟಲಿನೊಳಗೆ ದುಂಡಗಿನ ಆಕ್ಟಿವ್ ಸಬ್ ಕೂರುತ್ತದೆ. 14 ಇಂಚಿನ ರಿಮ್ಮಿನೊಳಗೆ ಸಿಗುವ ಜಾಗ ಹೆಚ್ಚೆಂದರೆ 12 ಲೀಟರ್. ಅಷ್ಟರಲ್ಲಿ ಏನು ಬರಬಹುದೋ ಅದು ಬರುತ್ತದೆ: ಸೀಟಿನ ಕೆಳಗಿನದಕ್ಕಿಂತ ಒಂದು ಕೈ ಮೇಲು, 40ರವರೆಗೆ ಕೇಳುವಂತಿದೆ. ಆದರೆ ಅದರ ಮೇಲೆ ಕಂಪನಿಯ ಗಟ್ಟಿ ಹಲಗೆ ಮುಚ್ಚಿಕೊಳ್ಳುತ್ತದಲ್ಲ, ಅದೇ ತೊಂದರೆ. ಹಲಗೆ ಎತ್ತಿ ಹಿಡಿದಾಗ ಬರುವ ಬೇಸ್ ಬೇರೆ, ಮುಚ್ಚಿದಾಗ ಬರುವುದು ಬೇರೆ. ಹಲಗೆಯಲ್ಲಿ ಸಾಲಾಗಿ ಕಿಂಡಿ ಕೊರೆಸಿ, ಮೇಲೆ ಅದೇ ಬಣ್ಣದ ಕಾರ್ಪೆಟ್ ಬಟ್ಟೆ ಅಂಟಿಸಿದ ಮೇಲೆ ಸರಿಹೋಯಿತು. ಹೊರಗಿನಿಂದ ನೋಡಿದರೆ ಡಿಕ್ಕಿ ಕಂಪನಿ ಫಿಟ್ಟಿಂಗೇ. ಬಚ್ಚಿಡೋದೊಂದೇ ಮುಖ್ಯ ಅನ್ನುವವರಿಗೆ ಇದಕ್ಕಿಂತ ಸುಲಭದ್ದು ಇಲ್ಲ.

ಇನ್ನೊಂದು ಜಾತಿ ಅಂದರೆ ಸ್ಟೆಪ್ನಿ ತೆಗೆದುಹಾಕಿ ಆ ಗುಂಡಿಗೇ ಬಾಕ್ಸ್ ಕಟ್ಟೋದು. ಗೆಳೆಯನೊಬ್ಬನ ಗಾಡಿಯಲ್ಲಿ ಇದೆ. 62 ಸೆಂಟಿಮೀಟರ್ ಅಗಲ, 18 ಸೆಂಟಿಮೀಟರ್ ಆಳ ಅಂತ ಹಿಡಿದರೂ ಗುಂಡಿ 54 ಲೀಟರ್ ಆಯಿತು. ಗೋಡೆಯ ದಪ್ಪ ಕಳೆದರೂ 12 ಇಂಚಿಗೆ ಧಾರಾಳ. ಬರೀ ಬೇಸ್ ಕೇಳಿದರೆ ಎಲ್ಲಕ್ಕಿಂತ ಮೇಲೆ ಇದೇ. 30 ಹರ್ಟ್ಜ್ ಟೋನ್‌ಗೆ ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಡಿ ಮಸುಕಾಗಿ ಕಾಣುತ್ತಿತ್ತು, ಅಷ್ಟು ನಡುಕ.

ಆದರೂ ನಾನು ಇದನ್ನು ಬೇಡ ಅಂತೀನಿ. ಟ್ಯೂಬ್‌ಲೆಸ್ ಟೈರ್, ಪಂಕ್ಚರ್ ಕಿಟ್, ಟೈರಿನ ಗಾಳಿ ತೋರಿಸುವ ಟಿಪಿಎಂಎಸ್ ಇರುವ ಕಾರಿಗೆ ಸ್ಟೆಪ್ನಿ ಕಡ್ಡಾಯ ಅಲ್ಲ ಅಂತ ಕೇಂದ್ರ ಸರ್ಕಾರ 2020ರಲ್ಲಿ ನಿಯಮ ಬದಲಿಸಿತು. ನನ್ನ ಗಾಡಿಯಲ್ಲಿ ಟಿಪಿಎಂಎಸ್ ಇಲ್ಲ. ನಿಯಮ ಬಿಡಿ, ಶಹಾಬಾದ್ ಕಲ್ಲಿನ ಗಣಿಗಳ ಕಡೆ ಒಮ್ಮೆ ಓಡಾಡಿ ಬನ್ನಿ. ಚೂಪಾದ ಕಲ್ಲಿನ ಚೂರು ಟೈರಿನ ಪಕ್ಕೆಯನ್ನೇ ಸೀಳಿದರೆ ಪಂಕ್ಚರ್ ಕಿಟ್ ಏನೂ ಮಾಡುವುದಿಲ್ಲ. ರಾತ್ರಿ ಹತ್ತರ ಮೇಲೆ ಜೇವರ್ಗಿ ದಾಟಿದ ಮೇಲೆ ಆ ಕಡೆ ಈ ಕಡೆ ಹತ್ತಿ ಹೊಲ ಬಿಟ್ಟರೆ ಏನಿರುತ್ತದೆ ಹೇಳಿ. ಬೇಸ್ ಕೇಳ್ತಾ ಕೂರಬೇಕು.

ಮೂರನೆಯದು ಫಾಲ್ಸ್ ಫ್ಲೋರ್. ಡಿಕ್ಕಿಯ ನೆಲವನ್ನೇ ಎತ್ತರಿಸಿ ಅದರ ಕೆಳಗೆ ಚಪ್ಪಟೆ ಬಾಕ್ಸ್ ಇಡೋದು. ನೋಡೋಕೆ ಇದಕ್ಕಿಂತ ನೀಟಾದದ್ದು ಇಲ್ಲ. ಸ್ವಿಫ್ಟ್ ಡಿಕ್ಕಿಯ ಬಾಯಿಯ ಅಂಚು ಎತ್ತರ, ಸಾಮಾನು ಅದರ ಮೇಲಿಂದ ಎತ್ತಿ ಒಳಗೆ ಇಳಿಸಬೇಕು. ನೆಲ ಎತ್ತರವಾದರೆ ಆ ಕಷ್ಟ ತಪ್ಪುತ್ತದೆ, ಚೀಲ ಸುಮ್ನೆ ಜಾರಿಸಿದರಾಯಿತು.

ವೂಫರ್ ಮೇಲ್ಮುಖವಾಗಿ ಕೂರಿಸಿ ಜಾಲರಿ ಹಾಕೋದು ಎಲ್ಲರೂ ಮಾಡುವ ಕ್ರಮ. ನಮ್ಮ ಬಳಕೆಗೆ ಅದು ಆಗುವುದಿಲ್ಲ. 50 ಕೆಜಿ ತೊಗರಿ ಚೀಲ ಜಾಲರಿಯ ಮೇಲೆ ಕೂತರೆ ಬೇಸ್ ಅಲ್ಲೇ ಮುಗಿಯಿತು. ಹಾಗಾಗಿ ಮಿಸ್ತ್ರಿಗೆ ಹೇಳಿ ಸ್ಲಿಮ್ ವೂಫರನ್ನು ಕೆಳಮುಖವಾಗಿ ಹಾಕಿಸಿದೆ. ಬಾಕ್ಸ್ ನಾಲ್ಕು ಸೆಂಟಿಮೀಟರ್ ಎತ್ತರದ ಕಾಲುಗಳ ಮೇಲೆ ನಿಲ್ಲುತ್ತದೆ, ಗಾಳಿ ಕೆಳಗಿನಿಂದ ಹರಿದು ಹಿಂದಿನ ಸೀಟಿನ ಬೆನ್ನಿಗೆ ಬಿಟ್ಟ ಸಂದಿಯಿಂದ ಮೇಲೆ ಬರುತ್ತದೆ. ಆ ಸಂದಿ ಎಷ್ಟಿರಬೇಕು ಅನ್ನೋದರ ಮೇಲೆ ಮಿಸ್ತ್ರಿಗೂ ನನಗೂ ವಾದ ಆಯಿತು. ಅವರು ಎರಡು ಬೆರಳು ಸಾಕು ಅನ್ನೋರು. 90 ಸೆಂಟಿಮೀಟರ್ ಉದ್ದಕ್ಕೆ 4 ಸೆಂಟಿಮೀಟರ್ ಬಿಟ್ಟರೆ 360 ಚದರ ಸೆಂಟಿಮೀಟರ್, ಕೋನಿಗಿಂತ ಸ್ವಲ್ಪ ಜಾಸ್ತಿ. ಟೇಪ್ ಹಿಡಿದು ತೋರಿಸಿದ ಮೇಲೆ, "ಹಂಗಾರ ನಾಕ್ ಬಿಡ್ತೀನ್ ತಗೋರಿ ಸರ, ಆಮ್ಯಾಲ ಸಂದ್ಯಾಗ ಚಿಲ್ಲರಿ ಬಿದ್ರ ನನಗ ಕೇಳಬ್ಯಾಡ್ರಿ" ಅಂದರು. ಸಂದಿಗೆ ಸ್ಪೀಕರ್ ಬಟ್ಟೆ ಹೊಡೆಸಿದೆ.

ಸದ್ದು ಚೆನ್ನಾಗಿತ್ತು. 40ರವರೆಗೆ ಸಲೀಸು, 30ರಲ್ಲಿ ಸ್ವಲ್ಪ ಮೆತ್ತಗೆ. ಡೊಳ್ಳಿನ ಗುಮ್ಮು ದುಂಡಗೆ ಬರುತ್ತಿತ್ತು, ಆದರೆ ಹೊಡೆತದ ಬಿಗಿ ಒಂದು ಚೂರು ಕಡಿಮೆ. ನೆಲ ಎದ್ದದ್ದು 17 ಸೆಂಟಿಮೀಟರ್. ಒಂದು ಮೀಟರ್ ಅಗಲ, ಅರ್ಧ ಮೀಟರ್ ಉದ್ದ ಅಂದರೂ 85 ಲೀಟರ್ ಹೋಯಿತು, ಅಂದರೆ ಡಿಕ್ಕಿಯ ಮೂರನೇ ಒಂದು ಪಾಲು. ಬಚ್ಚಿಟ್ಟದ್ದು ಕಾಣೋದಿಲ್ಲ, ಕಳೆದ ಜಾಗ ಮಾತ್ರ ಪ್ರತಿ ಮದುವೆಗೂ ಕಾಣುತ್ತದೆ. ಸ್ಟೆಪ್ನಿ ಬೇಕೆಂದರೆ ಮೊದಲು ಸಾಮಾನು, ಆಮೇಲೆ ಹಲಗೆ, ಆಮೇಲೆ ಬಾಕ್ಸ್ ಎಲ್ಲ ಇಳಿಸಬೇಕು. ಆಂಪ್ ಅದೇ ನೆಲದಡಿ ಇಟ್ಟರೆ ಇನ್ನೊಂದು ಕಿರಿಕಿರಿ. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟೋದು ಮಾಮೂಲಿ, ಬಿಸಿಲಿಗೆ ನಿಂತ ಕಾರಿನೊಳಗೆ ಅದಕ್ಕಿಂತ ಎಷ್ಟೋ ಜಾಸ್ತಿ. ಗಾಳಿಯಾಡದ ಆಂಪ್ ಬಿಸಿಯಾಗಿ ತಾನೇ ಆಫ್ ಆಗುತ್ತದೆ. ಆಂಪನ್ನು ಸೀಟಿನ ಬೆನ್ನಿಗೆ ನಿಲ್ಲಿಸಿದರೆ ಈ ತಾಪತ್ರಯ ಇಲ್ಲ.

ಕೊನೆಗೆ ನನ್ನ ಗಾಡಿಯಲ್ಲಿ ಉಳಿದಿರುವುದು ಮೂಲೆಯ ಫೈಬರ್ ಬಾಕ್ಸ್. ಡಿಕ್ಕಿಯ ಎಡಬದಿಯಲ್ಲಿ, ಚಕ್ರದ ಉಬ್ಬಿನ ಹಿಂದೆ ಒಂದು ಗೂಡು ಇರುತ್ತದೆ ನೋಡಿ, ಯಾವ ಸೂಟ್‌ಕೇಸೂ ಕೂರದ ಜಾಗ. ಆ ಗೂಡಿನ ಆಕಾರಕ್ಕೇ ಅಚ್ಚು ತೆಗೆದು ಬಾಕ್ಸ್ ಮಾಡೋದು. ಮೊದಲು ಗೂಡಿಗೆ ಟೇಪು, ಅದರ ಮೇಲೆ ಅಲ್ಯೂಮಿನಿಯಂ ಹಾಳೆ, ಅದರ ಮೇಲೆ ಫೈಬರ್ ಮ್ಯಾಟ್ ಮತ್ತು ರೆಸಿನ್ ಪದರದ ಮೇಲೆ ಪದರ. ಒಣಗಿದ ಮೇಲೆ ಚಿಪ್ಪಿನ ಹಾಗೆ ಹೊರಗೆ ಬರುತ್ತದೆ. ಮುಂದಿನ ಮುಖಕ್ಕೆ 18 ಎಂಎಂ ಎಂಡಿಎಫ್ ಬಳೆ, ಅದಕ್ಕೆ 10 ಇಂಚಿನ ವೂಫರ್.

ಇಂಥ ಅಂಕುಡೊಂಕು ಬಾಕ್ಸಿನ ಲೀಟರ್ ಟೇಪಿನಿಂದ ಅಳೆಯೋಕೆ ಆಗುವುದಿಲ್ಲ. ಮಿಸ್ತ್ರಿ ಜೋಳದ ಚೀಲ ತರಿಸಿದರು. ಒಂದು ಲೀಟರ್ ಡಬ್ಬಿಯಿಂದ ಅಳೆದು ಅಳೆದು ವೂಫರಿನ ತೂತಿನಲ್ಲಿ ಸುರಿದರು, ಬಾಕ್ಸನ್ನು ಅಲ್ಲಾಡಿಸಿ ಮಟ್ಟ ಮಾಡಿದರು, ಮತ್ತೆ ಸುರಿದರು. 21 ಲೀಟರ್ ಹಿಡಿಯಿತು. ವೂಫರಿನ ಮ್ಯಾಗ್ನೆಟ್ ನುಂಗುವ ಜಾಗ ಕಳೆದರೂ ವೂಫರ್ ಕಂಪನಿ ಹೇಳಿದ ಅಳತೆಯೊಳಗೇ ಬಂತು. ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿ ಸ್ವಲ್ಪ ಸಡಿಲವಾಗಿ ಹಾಕಿದೆವು. ಅದರಿಂದ ಬಾಕ್ಸ್ ಇರುವುದಕ್ಕಿಂತ ತುಸು ದೊಡ್ಡದಾದಂತೆ ವರ್ತಿಸುತ್ತದೆ.

ಇಲ್ಲಿ ಬೇಸ್‌ಗೆ ಯಾವ ಹಲಗೆಯೂ ಅಡ್ಡ ಇಲ್ಲ. ಹ್ಯಾಚ್‌ಬ್ಯಾಕ್‌ನಲ್ಲಿ ಡಿಕ್ಕಿ ಮತ್ತು ಕ್ಯಾಬಿನ್ ಒಂದೇ ಕೋಣೆ. ಮೂಲೆಯಲ್ಲಿ ಕೂತಿರುವುದರಿಂದ ಪಕ್ಕದ ಗೋಡೆಗಳೂ ಬೇಸ್ ಎತ್ತಿಕೊಡುತ್ತವೆ. 30 ಹರ್ಟ್ಜ್ ಸ್ಪಷ್ಟ, ಟೋನ್‌ನಿಂದ ಟೋನ್‌ಗೆ ದೊಡ್ಡ ಏರಿಳಿತ ಇಲ್ಲ. ಡೊಳ್ಳಿನ ಹೊಡೆತ, ಗುಮ್ಮು ಎರಡೂ ಒಟ್ಟಿಗೆ. ಸ್ಟೆಪ್ನಿ ಗುಂಡಿಯ 12 ಇಂಚಿನಷ್ಟು ನಡುಕ ಇಲ್ಲ, ನಿಜ. ಸಂಗೀತ ಕೇಳೋಕೆ ಅಷ್ಟು ಬೇಕಾಗಿಯೂ ಇಲ್ಲ. ಪಾರ್ಸೆಲ್ ಟ್ರೇ ಹಾಕಿ ಡಿಕ್ಕಿ ತೆರೆದರೆ ಬದಿಯಲ್ಲೊಂದು ಬೂದು ಜಾಲರಿ ಕಾಣುತ್ತದೆ, ಮೊದಲಿನಿಂದ ಇದ್ದದ್ದೇ ಅನ್ನುವ ಹಾಗೆ. ಜಾಲರಿ ಗಟ್ಟಿ ಕಬ್ಬಿಣದ್ದೇ ಇರಲಿ, ಕೋನಿಗೂ ಅದಕ್ಕೂ ನಾಲ್ಕೈದು ಸೆಂಟಿಮೀಟರ್ ಅಂತರ ಇರಲಿ. ಸೂಟ್‌ಕೇಸಿನ ಮೂಲೆ ಹೋಗಿ ಬಡಿಯದೇ ಇರುವುದಿಲ್ಲ.

ಕೊರತೆ ಇಲ್ಲವೇ ಅಂದರೆ ಇದೆ. ಬಾಕ್ಸ್ ಒಂದಕ್ಕೇ ಹತ್ತಿರ ಹತ್ತಿರ ವೂಫರಿನಷ್ಟು ದುಡ್ಡು ಹೋಯಿತು. ಗಾಡಿ ಬದಲಿಸಿದರೆ ಇದು ಬೇರೆ ಗಾಡಿಗೆ ಕೂರುವುದಿಲ್ಲ. ರೆಸಿನ್ ವಾಸನೆ ಬೇಸಿಗೆಯಲ್ಲಿ ಬಹಳ ದಿನ ಕಾಡಿತು. ಫೈಬರ್ ಕೆಲಸ ಬಲ್ಲವರು ಊರಲ್ಲಿ ಸಿಗುವುದು ಕಷ್ಟ, ಬಹಳ ಜನ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗುತ್ತಾರೆ. ಹೋಗುವುದಾದರೆ ಗಾಡಿ ಅಲ್ಲೇ ಬಿಟ್ಟು ಬರಬೇಕು, ಪದರ ಒಣಗೋಕೆ ಸಮಯ ಬೇಕು.

ಸೆಡಾನ್‌ನವರಿಗೆ ಲೆಕ್ಕ ಬೇರೆ. ಮಾವನ ಗಾಡಿಯಲ್ಲಿ ಅದೇ 10 ಇಂಚನ್ನು ಸಾದಾ ಸೀಲ್ಡ್ ಬಾಕ್ಸಿನಲ್ಲಿ ಹಾಕಿ ಇಟ್ಟು ನೋಡಿದೆ. ಹಿಂದಿನ ಸೀಟು ಮಡಚುವಂಥದ್ದಲ್ಲ, ಸೀಟಿನ ಬೆನ್ನಿಗೆ ತಗಡು, ಮೇಲೆ ಡೆಕ್ (ಹಿಂದಿನ ಗಾಜಿನ ಕೆಳಗಿನ ಹಲಗೆ). ಬೇಸ್ ಡಿಕ್ಕಿಯಲ್ಲೇ ಉಳಿದು ನಂಬರ್ ಪ್ಲೇಟ್ ಕುಣಿಸುತ್ತದೆ, ಒಳಗೆ ಕೂತವರಿಗೆ ಅರ್ಧ ಬರುತ್ತದೆ. ಡೆಕ್ಕಿನ ಸ್ಪೀಕರ್ ತೂತುಗಳಿಂದ ಹಳೆ ಸ್ಪೀಕರ್ ತೆಗೆದು ಬರೀ ಜಾಲರಿ ಬಿಟ್ಟಾಗ ಬೇಸ್ ಒಳಗೆ ಬರತೊಡಗಿತು. ಬಾಕ್ಸನ್ನು ಎಷ್ಟು ಚೆಂದ ಬಚ್ಚಿಟ್ಟರೂ ಸೆಡಾನ್‌ನಲ್ಲಿ ಈ ದಾರಿ ಮೊದಲು ಮಾಡಿಸಿ, ವೂಫರ್ ಆಮೇಲೆ ಕೊಳ್ಳಿ.

ಯಾವ ಜಾಗ ಆರಿಸಿದರೂ ಜಾಕು, ಪಾನಾ ಬಟ್ಟೆಯಲ್ಲಿ ಸುತ್ತಿಡಿ, ನಂಬರ್ ಪ್ಲೇಟಿನ ಹಿಂದೆ ಫೋಮ್ ಅಂಟಿಸಿ. ಲೋ ಪಾಸ್ (ಇಟ್ಟ ಅಂಕಿಗಿಂತ ಮೇಲಿನ ಸದ್ದನ್ನು ಸಬ್‌ಗೆ ಬಿಡದ ಸೆಟ್ಟಿಂಗ್) 80 ಹರ್ಟ್ಜ್‌ಗೆ ಇಳಿಸಿ, ಅದಕ್ಕಿಂತ ಮೇಲಿದ್ದರೆ ದನಿ ಡಿಕ್ಕಿಯಿಂದ ಬರುವುದು ಗೊತ್ತಾಗಿಬಿಡುತ್ತದೆ. ಫೇಸ್ ಸ್ವಿಚ್ (ಸಬ್‌ನ ಅಲೆಯನ್ನು ಉಲ್ಟಾ ಮಾಡುವುದು) 0 ಮತ್ತು 180 ಎರಡರಲ್ಲೂ ಡ್ರೈವರ್ ಸೀಟಿನಲ್ಲಿ ಕೂತು ಕೇಳಿ, ಯಾವುದರಲ್ಲಿ ಬೇಸ್ ತುಂಬಿ ಬರುತ್ತದೋ ಅಲ್ಲೇ ಬಿಡಿ. ಬ್ಯಾಟರಿಯಿಂದ ಬರುವ ವೈರಿಗೆ ಫ್ಯೂಸ್ ಬ್ಯಾಟರಿಯ ಹತ್ತಿರವೇ, 45 ಸೆಂಟಿಮೀಟರ್ ಒಳಗೆ ಇರಬೇಕು. ಇದನ್ನು ಮಿಸ್ತ್ರಿ "ಆಮ್ಯಾಲ ಹಾಕೋಣ್ರಿ" ಅಂದರೆ ಗಾಡಿ ಅಲ್ಲಿಂದ ಎತ್ತಬೇಡಿ.