ಹದಿನಾಲ್ಕು ವರ್ಷದ ಪಿಕಪ್‌, ಏಳು ವರ್ಷದ ಒಡೆತನ

2011ರ ಮಾದರಿಯ ಡೀಸೆಲ್‌ ಪಿಕಪ್‌. 2018ರಲ್ಲಿ 2,35,000 ರೂಪಾಯಿ ಕೊಟ್ಟು ಕೊಂಡೆ. ಆಗ 1,62,000 ಕಿಲೋಮೀಟರ್‌ ಓಡಿತ್ತು, ಈಗ 2,88,000 ದಾಟಿದೆ. ಕಂಪನಿಯ ಹೆಸರು ಹೇಳುವುದಿಲ್ಲ. ಮುಂದೆ ಬರುವ ಬೈಗುಳದಲ್ಲಿ ಮುಕ್ಕಾಲು ಪಾಲು ಸಲ್ಲಬೇಕಾದದ್ದು ಗಾಡಿ ಮಾಡಿದವರಿಗಲ್ಲ, ನನಗಿಂತ ಮೊದಲು ಅದನ್ನು 'ಸುಧಾರಿಸಿದ' ಮಹಾನುಭಾವನಿಗೆ.

ನಾನು ಮುಳಬಾಗಿಲು ಕಡೆಯ ಟೊಮೆಟೊ ಬೆಳೆಗಾರ. ನಮ್ಮಲ್ಲಿ ಹೊರೆಯನ್ನು ಟನ್ನಿನಲ್ಲಿ ಎಣಿಸುವವರಿಲ್ಲ, ಬಾಕ್ಸಿನಲ್ಲೇ ಲೆಕ್ಕ. ಕೋಲಾರ ಎಪಿಎಂಸಿಯಲ್ಲಿ ಒಂದು ಬಾಕ್ಸ್‌ ಅಂದರೆ 15 ಕೆ.ಜಿ. ಈ ಗಾಡಿಗೆ ಪುಸ್ತಕದಲ್ಲಿ ಬರೆದಿರುವ ಹೊರೆ ಸುಮಾರು 80 ಬಾಕ್ಸ್‌. ಹಿಂದಿನ ಮಾಲೀಕ 130 ಹೇರುತ್ತಿದ್ದನಂತೆ, ಕೊಡುವಾಗ ಅದನ್ನು ಹೆಗ್ಗಳಿಕೆಯಾಗಿಯೇ ಹೇಳಿದ. ಅದಕ್ಕೆಂದೇ ಹಿಂದಿನ ಕಮಾನಿಗೆ, ಅಂದರೆ ಹೊರೆ ಹೊರುವ ಸ್ಪ್ರಿಂಗಿಗೆ, ಎರಡೆರಡು ಉಕ್ಕಿನ ಪಟ್ಟಿ ಹೆಚ್ಚಾಗಿ ಸೇರಿಸಿದ್ದ. ಖಾಲಿ ನಿಂತರೆ ಗಾಡಿ ಕುಂಡಿ ಎತ್ತಿದ ಮಿಡತೆಯಂತೆ ಕಾಣುತ್ತಿತ್ತು. ನನಗೂ ಅದು ಗಟ್ಟಿತನದ ಗುರುತೆಂದೇ ತೋರಿತು. ಪೆದ್ದತನ.

ಮೊದಲ ವರ್ಷ ಚೆನ್ನೈಗೆ ಹೋಗುವ ಹಾದಿಯಲ್ಲಿ, ಪಲಮನೇರು ದಾಟಿ ಮೊಗಿಲಿ ಘಾಟಿ ಇಳಿಯುವಾಗ ಪೆಡಲ್‌ ಒತ್ತಿದರೆ ಮುಂದಿನ ಚಕ್ರಗಳಷ್ಟೇ ಹಿಡಿಯುತ್ತಿವೆ, ಹಿಂದಿನಿಂದ ಹೊರೆ ನೂಕುತ್ತಿದೆ ಎನ್ನಿಸಿತು. ಎರಡನೇ ಗೇರಿಗೆ ಹಾಕಿ ತೆವಳುತ್ತಾ ಇಳಿದೆ. ಕೆಳಗೆ ನಿಲ್ಲಿಸಿದಾಗ ಮುಂದಿನ ಚಕ್ರದ ಬಳಿ ಸುಟ್ಟ ವಾಸನೆ. ಹಿಂದಿನ ಡ್ರಮ್‌ ಕೈಯಿಟ್ಟರೆ ಬರೀ ಬೆಚ್ಚಗಿತ್ತು. ಊರಿಗೆ ಬಂದು ಎರಡು ಕಡೆ ತೋರಿಸಿದೆ. ಇಬ್ಬರೂ ಬ್ರೇಕಿನ ಲೈನರ್‌ ಬದಲಾಯಿಸಿ ದುಡ್ಡು ತೆಗೆದುಕೊಂಡರು, ರೋಗ ಇದ್ದಲ್ಲೇ ಇತ್ತು.

ಮೂರನೆಯ ಮೇಸ್ತ್ರಿ ವಯಸ್ಸಾದವರು. ಚಕ್ರ ಬಿಚ್ಚಲೇ ಇಲ್ಲ. ಗೋಣಿಚೀಲ ಹಾಸಿ ಗಾಡಿಯ ಕೆಳಗೆ ಮಲಗಿ, ಟಾರ್ಚು ಹಿಡಿದು, "ಇಲ್ಲಿ ಬಾರಪ್ಪ, ಈ ಕಡ್ಡಿ ನೋಡು" ಎಂದರು. ನಾನೂ ಪಕ್ಕದಲ್ಲಿ ಮಲಗಿದೆ. ಹಿಂದಿನ ಆಕ್ಸಲ್‌ನಿಂದ ಚಾಸಿಗೆ (ಗಾಡಿಯ ಕೆಳಚೌಕಟ್ಟಿಗೆ) ಬೆರಳು ಗಾತ್ರದ ಒಂದು ಕಡ್ಡಿ, ಅದರ ತುದಿಯಲ್ಲಿ ಒಂದು ವಾಲ್ವ್‌. ಹೊರೆ ಬಿದ್ದು ಬಾಡಿ ಕೆಳಗೆ ಕುಳಿತರೆ ಕಡ್ಡಿ ವಾಲ್ವನ್ನು ತೆರೆಯುತ್ತದೆ, ಹಿಂದಿನ ಚಕ್ರಕ್ಕೆ ಬ್ರೇಕಿನ ಒತ್ತಡ ಹೆಚ್ಚು ಹೋಗುತ್ತದೆ. ಗಾಡಿ ಖಾಲಿ ಇದ್ದಾಗ ಹಿಂದಿನ ಚಕ್ರ ಲಾಕ್‌ ಆಗಿ ಜಾರಬಾರದು ಎಂದು ಒತ್ತಡವನ್ನು ಕಡಿಮೆ ಮಾಡುತ್ತದೆ. ನನ್ನ ಗಾಡಿಯಲ್ಲಿ ಹೆಚ್ಚುವರಿ ಪಟ್ಟಿಗಳಿಂದಾಗಿ ಬಾಡಿ ಕುಳಿತುಕೊಳ್ಳುತ್ತಲೇ ಇರಲಿಲ್ಲ. 80 ಬಾಕ್ಸ್‌ ಹೊತ್ತರೂ ವಾಲ್ವಿನ ಪಾಲಿಗೆ ಗಾಡಿ ಖಾಲಿ!

ಪಟ್ಟಿ ತೆಗೆಸಿ, ಕಮಾನು ಮತ್ತೆ ಕಟ್ಟಿಸಿ, ಬುಷ್‌ ಹೊಸದು ಹಾಕಿಸಿ, ಕಡ್ಡಿಯ ಅಳತೆ ಸರಿಪಡಿಸುವ ಹೊತ್ತಿಗೆ 6,500 ರೂಪಾಯಿ. ತೆಗೆದ ಪಟ್ಟಿಗಳನ್ನು ಗುಜರಿಗೆ ಹಾಕಿದ್ದರಿಂದ ಕಾಫಿ ಖರ್ಚು ಬಂತು. ಏಳು ವರ್ಷಗಳಲ್ಲಿ ಈ ಗಾಡಿಗೆ ಸುರಿದ ಹಣದಲ್ಲಿ ಇದಕ್ಕಿಂತ ಸಾರ್ಥಕವಾದದ್ದು ಇನ್ನೊಂದಿಲ್ಲ. ಬಾಡಿಗೆ ಒಪ್ಪಿಕೊಂಡಾಗ ಈಗಲೂ ನೂರು ಬಾಕ್ಸ್‌ ಹೇರು ಎನ್ನುವವರಿದ್ದಾರೆ. ಅವರಿಗೆ ಬೇರೆ ಗಾಡಿ ತೋರಿಸುತ್ತೇನೆ.

ಹೆಡ್‌ಲೈಟಿನದೂ ಇದೇ ಜಾತಿಯ ಕಥೆ. ಹಿಂದಿನ ಮಾಲೀಕ ಹಳೆಯ ವೈರಿಂಗಿಗೇ 100/90 ವಾಟ್‌ ಬಲ್ಬು ಸಿಕ್ಕಿಸಿದ್ದ. ಸ್ಟೀರಿಂಗ್‌ ಪಕ್ಕದ ಸ್ವಿಚ್ಚು ಒಳಗೆ ಕರಗಿ ಬೆಲ್ಲದ ಪಾಕದಂತಾಗಿತ್ತು, ಬೆಳಕು ಮಾತ್ರ ಬುಡ್ಡಿ ದೀಪದ್ದು. ನಾನೇ ಮೀಟರ್‌ ಹಿಡಿದು ನೋಡಿದೆ. ಎಂಜಿನ್‌ ಓಡುವಾಗ ಬ್ಯಾಟರಿಯ ಬಳಿ 13.8 ವೋಲ್ಟ್‌, ಬಲ್ಬಿನ ಬಳಿ 11.2. ಹ್ಯಾಲೊಜೆನ್‌ ಬಲ್ಬಿಗೆ ವೋಲ್ಟೇಜು ಐದರಲ್ಲೊಂದು ಪಾಲು ತಗ್ಗಿದರೆ ಬೆಳಕು ಅರ್ಧಕ್ಕೂ ಕೆಳಗೆ ಇಳಿಯುತ್ತದೆ. 900 ರೂಪಾಯಿಗೆ ರಿಲೇ (ಬಲ್ಬಿನ ಕರೆಂಟು ಸ್ವಿಚ್ಚಿನೊಳಗೆ ಹಾಯದಂತೆ ಮಾಡುವ ಪುಟ್ಟ ಸಾಧನ) ಇರುವ ವೈರಿಂಗ್‌ ಸೆಟ್‌ ತಂದು ಬ್ಯಾಟರಿಯಿಂದ ನೇರವಾಗಿ ಎಳೆದೆ, ಕಂಪನಿ ಹೇಳಿದ 60/55 ವಾಟ್‌ ಬಲ್ಬನ್ನೇ ಹಾಕಿದೆ, ಅರ್ತ್‌ ಕೊಡುವ ಜಾಗವನ್ನು ಉಪ್ಪುಕಾಗದದಿಂದ ಉಜ್ಜಿದೆ. ರಾತ್ರಿ ರಸ್ತೆಯ ಗುಂಡಿಗಳು ಬೀಳುವ ಮೊದಲೇ ಕಾಣತೊಡಗಿದವು. ಕಣ್ಣು ಕುಕ್ಕುವ ಎಲ್‌ಇಡಿ ಹಾಕಿಸಿಕೊಂಡವರ ಬಗ್ಗೆ ನನ್ನ ಅಭಿಪ್ರಾಯ ಬರೆಯುವಂಥದ್ದಲ್ಲ, ಎದುರಿನಿಂದ ಬಂದಾಗ ಹೇಳಿಕೊಳ್ಳುತ್ತೇನೆ.

ಇನ್ನು ಬಿಸಿ. ನಮ್ಮ ಸೀಮೆಯ ಬೋರ್‌ವೆಲ್‌ ನೀರು ಹೇಗೆಂದು ಪಾತ್ರೆಯ ತಳ ನೋಡಿದರೆ ಗೊತ್ತಾಗುತ್ತದೆ. ಅದೇ ನೀರನ್ನು ವರ್ಷಗಟ್ಟಲೆ ರೇಡಿಯೇಟರಿಗೆ ಹುಯ್ದಿದ್ದರು. ಬಿಸಿಯಾಯಿತೆಂದು ಯಾರೋ, ಎಂಜಿನ್ನು ಹದಕ್ಕೆ ಕಾಯುವತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡಿದ್ದರು. ನಮ್ಮ ಕಡೆ ಇದೊಂದು ಮನೆಮದ್ದು. ಅದು ಇಲ್ಲದಿದ್ದರೆ ಬೆಳಗಿನ ಚಳಿಯಲ್ಲಿ ಎಂಜಿನ್‌ ಹದಕ್ಕೆ ಬರಲು ಹತ್ತಿಪ್ಪತ್ತು ಕಿಲೋಮೀಟರ್‌ ಬೇಕು, ಅಲ್ಲಿಯತನಕ ಡೀಸೆಲ್‌ ದಂಡ. ಹಾಗಿದ್ದೂ ಮೇ ತಿಂಗಳಲ್ಲಿ ಖಾಲಿ ಬಾಕ್ಸ್‌ ಹೊತ್ತು ಅದೇ ಘಾಟಿ ಹತ್ತುವಾಗ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಯಿತು. ರೇಡಿಯೇಟರ್‌ ಬಿಚ್ಚಿಸಿದಾಗ ಕೊಳವೆಗಳಲ್ಲಿ ಸುಣ್ಣ ಕಟ್ಟಿತ್ತು. ಕಡ್ಡಿ ತೂರಿಸಿ ಒಂದೊಂದನ್ನೂ ತೆರವು ಮಾಡಿದರು. ಅದಕ್ಕೆ 1,800, ಹೊಸ ಥರ್ಮೋಸ್ಟಾಟಿಗೆ ಮತ್ತು ಕೂಲೆಂಟಿಗೆ ಇನ್ನೊಂದು ಸಾವಿರದ ಚಿಲ್ಲರೆ. ಲೀಟರಿಗೆ ಹನ್ನೊಂದೂವರೆ ಕೊಡುತ್ತಿದ್ದ ಗಾಡಿ ಈಗ ಹದಿಮೂರರ ಆಸುಪಾಸಿನಲ್ಲಿದೆ.

ಟೈರಿನ ವಿಷಯದಲ್ಲಿ ನನ್ನದೊಂದೇ ಕಟ್ಟಳೆ: ರೀಸೋಲ್‌ (ಸವೆದ ಟೈರಿಗೆ ಹೊಸ ರಬ್ಬರು ಅಂಟಿಸಿದ್ದು) ಹಿಂದಕ್ಕೆ ಸೈ, ಮುಂದಕ್ಕೆ ಎಂದೂ ಇಲ್ಲ. 2023ರ ಜುಲೈಯಲ್ಲಿ ಬಾಕ್ಸಿನ ಬೆಲೆ ಎರಡು ಸಾವಿರ ದಾಟಿದ್ದಾಗ ಮುಂದಿನ ಎರಡೂ ಹೊಸದು ಹಾಕಿಸಿದೆ. ಆ ತಿಂಗಳು ಕೋಲಾರ ಮಾರುಕಟ್ಟೆಯಲ್ಲಿ ಹೊಸ ಟೈರಿಲ್ಲದ ಗಾಡಿ ಹುಡುಕಬೇಕಿತ್ತು! 'ಹೊಸದು' ಎಂದು ಕೊಟ್ಟದ್ದರ ಪಕ್ಕೆಯಲ್ಲಿ ಡಾಟ್‌ ಸಂಖ್ಯೆಯ ಕೊನೆಯ ನಾಲ್ಕು ಅಂಕಿ 3419 ಇತ್ತು. ಎಂದರೆ 2019ರ 34ನೇ ವಾರದ ಸರಕು. ತೋರಿಸಿದೆ, ಅಂಗಡಿಯವನು ತುಟಿಪಿಟಕ್ಕೆನ್ನದೆ ಒಳಗಿನಿಂದ ಬೇರೆ ಜೋಡಿ ತಂದ.

ಕ್ಲಚ್‌ ಸೆಟ್ಟಿಗೆ ಒಮ್ಮೆ 11,500 ಹೋಯಿತು, ಅದು ಸವೆಯುವ ವಸ್ತು, ದೂರಿಲ್ಲ. ಎಂಜಿನ್‌ ಆಯಿಲ್‌ ಮತ್ತು ಫಿಲ್ಟರ್‌ ಎಂಟು ಸಾವಿರ ಕಿಲೋಮೀಟರಿಗೊಮ್ಮೆ, ಪ್ರೊಪೆಲ್ಲರ್‌ ಶಾಫ್ಟಿನ ಕ್ರಾಸಿಗೆ ಗ್ರೀಸ್‌ ತಿಂಗಳಿಗೊಮ್ಮೆ ನಾನೇ ಹೊಡೆಯುತ್ತೇನೆ. ಗ್ರೀಸ್‌ ಗನ್‌ ಕೊಂಡದ್ದು 450ಕ್ಕೆ. ದಂಡವಾದದ್ದೂ ಇದೆ. ಸೀಟಿನ ಕವರು ಒಂದು ಮಳೆಗಾಲಕ್ಕೆ ಬೂಸಲು ಹಿಡಿಯಿತು. ಆರು ಸಾವಿರದ ಮ್ಯೂಸಿಕ್‌ ಸಿಸ್ಟಮ್ಮನ್ನು ಈ ಎಂಜಿನ್ನಿನ ಸದ್ದಿನಲ್ಲಿ ಕೇಳಬೇಕಾದರೆ ಗಾಡಿ ನಿಲ್ಲಿಸಬೇಕು.

ಎಂಟು ವರ್ಷ ದಾಟಿದ ಸಾಗಣೆ ಗಾಡಿಗೆ ಎಫ್‌ಸಿ (ಗಾಡಿ ಓಡಲು ಯೋಗ್ಯವೆಂಬ ಪ್ರಮಾಣಪತ್ರ) ಪ್ರತಿ ವರ್ಷ. 2026ಕ್ಕೆ ಇದಕ್ಕೆ 15 ತುಂಬುತ್ತದೆ, ವಯಸ್ಸಿನೊಂದಿಗೆ ಶುಲ್ಕವೂ ಏರುತ್ತದೆ. ಹೋದ ವಾರ ಬ್ರೋಕರ್‌ ಬಂದು 1,60,000ಕ್ಕೆ ಕೇಳಿದ. ಹಿಂದಿನಿಂದ ನೋಡಿ, "ಇನ್ನೆರಡು ಪಟ್ಟಿ ಹಾಕಿಸಿಬಿಡಿ ಅಣ್ಣ, ಹತ್ತು ಸಾವಿರ ಜಾಸ್ತಿ ಸಿಗುತ್ತದೆ" ಎಂದ. ಕಾಫಿ ಕೊಟ್ಟು ಕಳುಹಿಸಿದೆ. ಮುಂದಿನ ತಿಂಗಳು ಎಫ್‌ಸಿ ಇದೆ. ಪಕ್ಕೆಯ ಹಳದಿ ಪ್ರತಿಫಲಕ ಪಟ್ಟಿ ಎದ್ದಿದೆ, ಎಡಗಡೆಯ ವೈಪರ್‌ ಕಿರುಗುಡುತ್ತಿದೆ, ಹಿಂದಿನ ಡೋರಿನ ಚಿಲಕಕ್ಕೆ ಕಟ್ಟಿದ ಹಗ್ಗವನ್ನು ಅಷ್ಟರೊಳಗೆ ಬಿಚ್ಚಿ ವೆಲ್ಡಿಂಗ್‌ ಮಾಡಿಸಬೇಕು.