ನಾಲ್ಕು ಸ್ಟಾರ್ ಕೊಡೋಣ ಅಂತಿದ್ದೆ, ಬಿಲ್ ನೋಡಿ ಮೂರಕ್ಕೆ ಇಳಿಸಿದೆ

ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಿ ನನ್ನದೊಂದು ಗಿಫ್ಟ್ ಅಂಗಡಿ ಇದೆ. ಗೃಹಪ್ರವೇಶಕ್ಕೆ, ಮದುವೆಗೆ ಅಂತ ಜನ ಬುದ್ಧ, ಆನೆ, ಹೂದಾನಿ, ಗೋಡೆ ಗಡಿಯಾರ ಒಯ್ಯುತ್ತಾರೆ. ಮೊದಲೆಲ್ಲ ಬೆಂಗಳೂರಿನ ಹೋಲ್‌ಸೇಲ್‌ನಿಂದ ತರುತ್ತಿದ್ದೆ. ಈಗ ಎರಡು ವರ್ಷದಿಂದ ಚೀನಾದ ಯಿವುವಿನಿಂದ ನಾನೇ ತರಿಸುತ್ತೇನೆ. ಇಡೀ ಕಂಟೇನರ್ ತುಂಬಿಸುವಷ್ಟು ದೊಡ್ಡವಳಲ್ಲ. ನಾಲ್ಕಾರು ಜನರ ಸಾಮಾನಿನ ಜೊತೆ ನಮ್ಮ ಬಾಕ್ಸುಗಳೂ ಚೆನ್ನೈಗೆ ಬರುತ್ತವೆ, ಅಲ್ಲಿಂದ ಲಾರಿ.

ಈ ರಿವ್ಯೂ ಚೆನ್ನೈನ ಒಂದು ಕಸ್ಟಮ್ಸ್ ಬ್ರೋಕರ್ ಆಫೀಸಿನದು, ಅಂದರೆ ನಮ್ಮ ಪರವಾಗಿ ಕಸ್ಟಮ್ಸ್ ಕಾಗದಪತ್ರ ಮಾಡಿ ಸಾಮಾನು ಬಿಡಿಸಿಕೊಡುವವರದು. ಈ ದಂಧೆಯವರು ಇನ್ನೂ ಸಿಎಚ್‌ಎ ಅಂತಲೇ ಕರೆಯುತ್ತಾರೆ. ಬಿಲ್ ತಕರಾರು ಇನ್ನೂ ಮುಗಿದಿಲ್ಲ, ಹಾಗಾಗಿ ಹೆಸರು ಹಾಕುತ್ತಿಲ್ಲ.

ಮೊದಲ ಸಲ ಬೇರೆಯವರ ಕೈಗೆ ಕೊಟ್ಟು ಪೆಟ್ಟು ತಿಂದಿದ್ದೆ. ಆತ 31 ಬಗೆಯ ಸಾಮಾನನ್ನು ‘ಅಲಂಕಾರದ ವಸ್ತು’ ಅಂತ ಒಂದೇ ಸಾಲಿಗೆ ತುರುಕಿ, 3926 40 ಅಂತ ಕೋಡ್ (ಯಾವ ಸಾಮಾನು ಅಂತ ಕಸ್ಟಮ್ಸ್‌ಗೆ ಹೇಳುವ ಅಂಕಿ, ಸುಂಕ ಅದರ ಮೇಲೆಯೇ) ಬರೆದುಬಿಟ್ಟ. ಅದು ಪ್ಲಾಸ್ಟಿಕ್ ಮೂರ್ತಿ, ಪ್ಲಾಸ್ಟಿಕ್ ಶೋಪೀಸುಗಳ ಕೋಡ್. ಬಾಕ್ಸ್ ಬಿಚ್ಚಿದರೆ ಒಳಗೆ ಗಾಜು, ಪಿಂಗಾಣಿ, ಕಬ್ಬಿಣ, ಮರ! 11 ದಿನ ಸಾಮಾನು ಅಲ್ಲೇ ನಿಂತಿತು, ಬಾಡಿಗೆ ನನ್ನ ತಲೆಗೆ ಬಂತು. ಕೇಳಿದರೆ “ನಿಮ್ಮ ಇನ್‌ವಾಯ್ಸ್‌ನಲ್ಲೇ ಹಾಗಿತ್ತಲ್ಲ ಮೇಡಂ” ಅಂದ. ಸಿಟ್ಟು ಬಂತು, ಆದರೆ ಮಾತು ಸುಳ್ಳಲ್ಲ. 2011ರಿಂದ ಕಾನೂನು ಹೀಗಿದೆ: ಯಾವ ಕೋಡ್, ಎಷ್ಟು ಸುಂಕ ಅಂತ ಮೊದಲು ಹೇಳಬೇಕಾದವರು ತರಿಸುವವರೇ. ಅಧಿಕಾರಿಗಳು ಆಮೇಲೆ ನೋಡುತ್ತಾರೆ.

ಈ ಆಫೀಸಿಗೆ ಫೋನ್ ಮಾಡಿದಾಗ ಎತ್ತಿದ್ದು ಸಿಂಧನೂರಿನ ಹುಡುಗ. ಕನ್ನಡ ಕೇಳಿಯೇ ಅರ್ಧ ಸಮಾಧಾನ ಆಯಿತು. ದರ ಹೇಳುವ ಮುಂಚೆ ಒಂದೊಂದು ಐಟಮ್ಮಿನ ಫೋಟೋ ಕಳಿಸಿ ಅಂದ. ಕಳಿಸಿದೆ. ಪ್ರತಿ ಫೋಟೋಗೂ ಒಂದೇ ಪ್ರಶ್ನೆ: “ಇದು ಯಾತರದ್ದು ಅಕ್ಕಾ?”

ಶೋಪೀಸ್ ಅಂತ ಒಂದು ಕೋಡೇ ಇಲ್ಲ ಅನ್ನೋದು ನನಗೆ ಗೊತ್ತಾಗಿದ್ದು ಆಗಲೇ. ಪಿಂಗಾಣಿ, ಮಣ್ಣಿನ ಶೋಪೀಸ್ 6913. ಗಾಜಿನ ಹೂದಾನಿ 7013. ಕಬ್ಬಿಣ, ಹಿತ್ತಾಳೆಯ ಮೂರ್ತಿ 8306. ಮರದ್ದು 4420. ಹಾಗಂತ ಯಾವಾಗಲೂ ಯಾತರದ್ದು ಅಂತಲೇ ನೋಡಲ್ಲ. ಪ್ಲಾಸ್ಟಿಕ್ ಹೂವಾಗಲಿ ಬಟ್ಟೆಯ ಹೂವಾಗಲಿ, ಕೃತಕ ಹೂವೆಲ್ಲ 6702. ಗೋಡೆ ಗಡಿಯಾರಕ್ಕೆ ಎಷ್ಟೇ ದೊಡ್ಡ ತಗಡಿನ ನವಿಲು ಅಂಟಿಸಿರಲಿ, ಅದು ಗಡಿಯಾರವೇ, 9105. ನವಿಲಿನ ಚಿತ್ರ ಇರುವ ಪಿಂಗಾಣಿ ಕಪ್ಪನ್ನು ನಾನು ಶೋಪೀಸ್ ಸಾಲಿನಲ್ಲಿ ಇಟ್ಟಿದ್ದೆ. “ಅದರಲ್ಲಿ ಟೀ ಕುಡೀಬಹುದಲ್ವಾ? ಹಂಗಾದ್ರೆ ಪಾತ್ರೆ ಸಾಮಾನು” ಅಂತ 6911ಕ್ಕೆ ಹಾಕಿದ. ಮೊದಲ ಆರು ಅಂಕಿ ಜಗತ್ತಿಗೆಲ್ಲ ಒಂದೇ, ನಮ್ಮ ದೇಶದಲ್ಲಿ ಅದಕ್ಕೆ ಇನ್ನೆರಡು ಸೇರಿ ಎಂಟು.

ರೆಸಿನ್ (ಅಚ್ಚಿಗೆ ಹೊಯ್ಯುವ ಒಂದು ಬಗೆಯ ಪ್ಲಾಸ್ಟಿಕ್) ಬುದ್ಧನ ಮೇಲೆ ಎರಡು ದಿನ ಹೋಯಿತು. ಅದರಲ್ಲಿ ಕಲ್ಲಿನ ಪುಡಿಯೂ ಇರುತ್ತದೆ. ಪುಡಿ ಬರೀ ತೂಕಕ್ಕೆ ತುಂಬಿದ್ದಾ, ಇಲ್ಲ ಕಲ್ಲೇ ಮುಖ್ಯ, ರೆಸಿನ್ ಬರೀ ಅಂಟಾ? ಒಂದಾದರೆ ಪ್ಲಾಸ್ಟಿಕ್, ಇನ್ನೊಂದಾದರೆ ಕೃತಕ ಕಲ್ಲು, 6810. ಕಂಪನಿಯಿಂದ ಯಾವುದು ಎಷ್ಟು ಪಾಲು ಅಂತ ಬರೆಸಿಕೊಳ್ಳಿ ಅಂತ ಹಟ ಹಿಡಿದ. ಆಗ ಕಿರಿಕಿರಿ ಆಯಿತು. ಆಮೇಲೆ ಕಸ್ಟಮ್ಸ್‌ನವರೂ ಅದನ್ನೇ ಕೇಳಿದಾಗ ಕಾಗದ ಕೈಯಲ್ಲಿತ್ತು.

ಅವನು ದುಡ್ಡು ಉಳಿಸಿಕೊಟ್ಟಿದ್ದು ತಗಡಿನ ಸ್ಕೂಟರ್ ವಿಷಯದಲ್ಲಿ. ಹಳೇ ಕಾಲದ ಸ್ಕೂಟರ್, ಜೀಪಿನ ಚಿಕ್ಕ ಮಾದರಿಗಳು, ಡ್ರಾಯಿಂಗ್ ರೂಮಿನಲ್ಲಿ ಇಡುವಂಥವು, 60 ಪೀಸ್ ಹೇಳಿದ್ದೆ. ಲೋಹದ ಶೋಪೀಸ್ ತಾನೇ ಅಂದರೆ ಒಪ್ಪಲಿಲ್ಲ. 9503 ಅಂದರೆ ಆಟಿಕೆ, ಚಿಕ್ಕ ಅಳತೆಯ ಮಾದರಿಗಳೂ ಅದರಲ್ಲೇ. ಚಕ್ರ ತಿರುಗದ ಹಾಗೆ ಬೆಸುಗೆ ಹಾಕಿಸಿದರೆ? ಅಂತ ನಾನೂ ತಲೆ ಓಡಿಸಿದೆ. ಅವನು ನಕ್ಕ. ಓಡಲಿ ಬಿಡಲಿ, ಎರಡೂ ಅದರಲ್ಲೇ ಅಂತ ಪಟ್ಟಿಯಲ್ಲಿ ಮೊದಲೇ ಬರೆದಿದ್ದಾರಂತೆ! ಲೋಹದ ವಿಭಾಗದ ಟಿಪ್ಪಣಿಯಲ್ಲೂ 95ನೇ ಅಧ್ಯಾಯದ್ದು ಇಲ್ಲಿ ಬರಲ್ಲ ಅಂತಿದೆ. ಆಟಿಕೆಯ ಸುಂಕ 2020ರಲ್ಲಿ 20ರಿಂದ 60 ಪರ್ಸೆಂಟ್ ಆಯಿತು, 2023ರಲ್ಲಿ 70.  ಲಕ್ಷ ರೂಪಾಯಿ ಮಾಲಿಗೆ ಸುಂಕವೇ 70,000. ಅದೇ 20 ಪರ್ಸೆಂಟ್ ಇದ್ದರೆ 20,000. ತರಿಸುವಾಗ ಕಟ್ಟುವ ಜಿಎಸ್‌ಟಿ (ಐಜಿಎಸ್‌ಟಿ) ಆದರೆ ಆಮೇಲೆ ಕ್ರೆಡಿಟ್ ಸಿಗುತ್ತದೆ, ಈ ಸುಂಕ ಹೋದರೆ ಹೋಯಿತು. ಆಟಿಕೆ ಅಂದಮೇಲೆ ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ಗುರುತಿನ ತಾಪತ್ರಯ ಬೇರೆ. ಆರ್ಡರಿನಿಂದಲೇ ತೆಗೆಸಿದೆ.

ಸ್ಯಾಂಪಲ್ಲಿಗೆ ಬಂದ ಒಂದು ಸ್ಕೂಟರ್ ನನ್ನ ಕೌಂಟರ್ ಮೇಲಿದೆ. ಅಂಗಡಿಗೆ ಬಂದ ಮಕ್ಕಳು ಮೊದಲು ಮಾಡುವ ಕೆಲಸ ಅದನ್ನು ಗಾಜಿನ ಮೇಲೆ ಓಡಿಸುವುದು. ನಾನಿನ್ನು ಏನು ವಾದ ಮಾಡಲಿ?

ಬಿಲ್ ಆಫ್ ಎಂಟ್ರಿ, ಅಂದರೆ ಏನು ತರಿಸಿದ್ದೇವೆ ಅಂತ ಕಸ್ಟಮ್ಸ್‌ಗೆ ಕೊಡುವ ಅರ್ಜಿ, ಹಾಕುವ ಮುಂಚೆ ಚೆಕ್‌ಲಿಸ್ಟ್ ಅಂತ ಒಂದು ಕಳಿಸುತ್ತಾರೆ. ದಯವಿಟ್ಟು ಅದನ್ನು ಸುಮ್ನೆ ‘ಓಕೆ’ ಅಂತ ವಾಪಸ್ ಕಳಿಸಬೇಡಿ. ನಮ್ಮ ಮೈದುನ ಮತ್ತು ನಾನು ರಾತ್ರಿ ಊಟ ಆದಮೇಲೆ ಕೂತು ಓದಿದೆವು. ಕಬ್ಬಿಣದ ಚೌಕಟ್ಟಿನ ಕನ್ನಡಿಗಳನ್ನು ಇವರು 8306ಕ್ಕೆ ಹಾಕಿದ್ದರು. ಅಲ್ಲಿರುವುದು ಲೋಹದ್ದೇ ಕನ್ನಡಿ. ನಮ್ಮದು ಗಾಜಿನ ಕನ್ನಡಿ, ಚೌಕಟ್ಟು ಮಾತ್ರ ಕಬ್ಬಿಣ, ಅದು 7009 92. ಹೇಳಿದ್ದಕ್ಕೆ ಹುಡುಗ “ಸಾರಿ ಅಕ್ಕಾ, ಕಣ್ತಪ್ಪಿತು” ಅಂತ ಅರ್ಧ ಗಂಟೆಯಲ್ಲಿ ತಿದ್ದಿ ಕಳಿಸಿದ. ಅವನೇ ಕಲಿಸಿದ ಪಾಠದಿಂದ ಅವನ ತಪ್ಪು ಹಿಡಿದೆ ಅಂತ ನನಗೆ ಸ್ವಲ್ಪ ಜಂಬವೂ ಬಂತು. ಸಾಮಾನು ನಾಲ್ಕನೇ ದಿನ ಹೊರಗೆ ಬಂತು.

ಇನ್ನು ಬಿಲ್. ಫೋನಿನಲ್ಲಿ ಹೇಳಿದ್ದು 9,000. ಬಂದಿದ್ದು 14,700. ಗೋಡೌನಿನವರ ಬಾಡಿಗೆ, ಇಳಿಸುವ ಕೂಲಿ ಇದಕ್ಕೆಲ್ಲ ರಸೀದಿ ಇತ್ತು, ತಕರಾರಿಲ್ಲ. ‘ಇತರೆ ಖರ್ಚು’ 2,300 ಅಂತ ಒಂದು ಸಾಲು ಇದೆ, ಅದಕ್ಕೆ ರಸೀದಿ ಇಲ್ಲ. ಹುಡುಗನನ್ನು ಕೇಳಿದರೆ ಅಕೌಂಟ್ಸ್‌ನವರನ್ನು ಕೇಳಿ ಅಂತಾನೆ, ಅವರು ಸಾಹೇಬರನ್ನು ಕೇಳಿ ಅಂತಾರೆ. ಮೂರು ವಾರ ಆಯಿತು. ಎಲ್ಲದಕ್ಕೂ ‘ಯಾತರದ್ದು’ ಅಂತ ಕೇಳುವ ಆಫೀಸು ಈ 2,300 ಯಾತರದ್ದು ಅಂತ ಹೇಳಲು ಇಷ್ಟು ದಿನ ತಗೋಬೇಕಾ?

ದೀಪಾವಳಿ ಮಾಲನ್ನೂ ಇವರಿಗೇ ಕೊಡುತ್ತಿದ್ದೇನೆ. ಈ ಸಲ ದರವನ್ನು ಒಂದೊಂದು ಸಾಲಾಗಿ ಮೇಲ್‌ನಲ್ಲಿ ಬರೆಸಿಕೊಂಡಿದ್ದೇನೆ. ಆ 2,300 ಮಾತ್ರ ಇನ್ನೂ ಕೊಟ್ಟಿಲ್ಲ.