ಭತ್ತದ ತರಬೇತಿ ಮೂರು ಬಗೆ: ಸಣ್ಣ ರೈತರ ಕೈಯಲ್ಲಿ ಕಾಸು ಉಳಿಸಿದ್ದು ಯಾವುದು?

ಬ್ರಹ್ಮಾವರದ ಹತ್ತಿರ ನಮ್ಮದು ಒಂದೂವರೆ ಎಕರೆ ಗದ್ದೆ, ಅರ್ಧ ಬೈಲು (ನೀರು ನಿಲ್ಲುವ ತಗ್ಗು ಗದ್ದೆ), ಅರ್ಧ ಮಜಲು (ಅದಕ್ಕಿಂತ ಎತ್ತರದ ಗದ್ದೆ). ಬೆಳೆಯುವುದು ಎಂಒ-4 ಎಂಬ ಭತ್ತದ ತಳಿ. ಮನೆಯ ಕುಚ್ಚಲಕ್ಕಿಗೂ ಅದೇ, ಮಿಲ್ಲಿಗೂ ಅದೇ. ಮೂರು ಬಗೆಯ ತರಬೇತಿಗೆ ಹೋಗಿ, ಕಲಿತದ್ದನ್ನು ಗದ್ದೆಯಲ್ಲೇ ಮಾಡಿ ನೋಡಿದ್ದೇನೆ.

ಮೊದಲನೆಯದು ಸಭಾಂಗಣದಲ್ಲಿ ಒಂದೇ ದಿನದಲ್ಲಿ ಮುಗಿದ ಶ್ರೀ ಪದ್ಧತಿಯ ತರಬೇತಿ. ಎಂಟರಿಂದ ಹನ್ನೆರಡು ದಿನದ ಎಳೆ ನೇಜಿ (ನಾಟಿಯ ಸಸಿ), ಗುಣಿಗೆ ಒಂದೇ ಸಸಿ, 25 ಸೆಂ.ಮೀ. ಅಂತರ, ಎಕರೆಗೆ ಎರಡು ಕಿಲೊ ಬೀಜ. ಗದ್ದೆಯಲ್ಲಿ ನೀರು ನಿಲ್ಲಬಾರದು, ಆಗಾಗ ಒಣಗಬೇಕು. 1980ರ ದಶಕದಲ್ಲಿ ಮಡಗಾಸ್ಕರ್‌ನಲ್ಲಿ ರೂಪುಗೊಂಡ ಈ ಪದ್ಧತಿ ಕಾಲುವೆ ನೀರಾವರಿಯ ಊರಿಗೆ ಚೆನ್ನಾಗಿ ಹೊಂದುತ್ತದೆ. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಸುರಿಯುವಲ್ಲಿ, ಜುಲೈ ತಿಂಗಳಲ್ಲಿ ಬೈಲುಗದ್ದೆಯನ್ನು ಒಣಗಿಸುವುದು ಹೇಗೆ? ಮಜಲಿನಲ್ಲಿ ತೆಂಡೆ (ಬುಡದಿಂದ ಬರುವ ಮರಿ) ಚೆನ್ನಾಗಿ ಒಡೆಯಿತು, ಬೈಲಿನಲ್ಲಿ ಸಸಿ ಮುಳುಗಿ ಕೊಳೆಯಿತು. ಅಲ್ಲಿಂದ ನಮ್ಮಲ್ಲಿ ಉಳಿದದ್ದು ಉಪ್ಪುನೀರಿನಲ್ಲಿ ಜೊಳ್ಳು ತೇಲಿಸಿ ಬೀಜ ಆರಿಸುವ ಕ್ರಮ ಮಾತ್ರ.

ಎರಡನೆಯದು ಯಂತ್ರ ನಾಟಿಯದು. ಕೈನಾಟಿಗೆ ಎಕರೆಗೆ ಹತ್ತು ಹನ್ನೆರಡು ಹೆಣ್ಣಾಳು ಬೇಕು, ಇಡೀ ಊರಿನಲ್ಲಿ ಹುಡುಕಿದರೂ ಈಗ ಅಷ್ಟು ಜನ ಸಿಗುವುದಿಲ್ಲ. ಗದ್ದೆಗಳು ಬೆಳೆಯಿಲ್ಲದೆ ಹಡಿಲು ಬಿದ್ದಿರುವುದಕ್ಕೆ ಅರ್ಧ ಕಾರಣ ಇದೇ. ತರಬೇತಿಯಲ್ಲಿ ಚಾಪೆ ನೇಜಿ ನಮ್ಮ ಕೈಯಲ್ಲೇ ಮಾಡಿಸಿದರು. ಕಲ್ಲಿಲ್ಲದಂತೆ ಜರಡಿ ಹಿಡಿದ ಮಣ್ಣು, ಮೊಳಕೆ ಬಂದ ಬೀಜ, ಹದಿನೈದು ಹದಿನೆಂಟು ದಿನಕ್ಕೆ ಸುರುಳಿ ಸುತ್ತಿ ಎತ್ತಿಕೊಂಡು ಹೋಗುವ ಹಾಗೆ ಬೇರು ಹೆಣೆದುಕೊಂಡ ಚಾಪೆ. ಉತ್ತ ಕೆಸರು ಒಂದೆರಡು ದಿನ ಕೂತಿರಬೇಕು, ನೀರು ತೆಳ್ಳಗಿರಬೇಕು, ಇಲ್ಲದಿದ್ದರೆ ಸಸಿ ತೇಲುತ್ತದೆ. ಕೂಲಿ ಖರ್ಚು ಇಳಿದದ್ದು ಕಣ್ಣಿಗೆ ಕಾಣುವಷ್ಟು. ಆದರೆ ಸಣ್ಣ ಸಣ್ಣ ಅಂಕಣಗಳಲ್ಲಿ ಯಂತ್ರ ತಿರುಗುವುದೇ ಕಷ್ಟ, ಮೂಲೆಗಳಿಗೆ ಕೈನಾಟಿ ತಪ್ಪುವುದಿಲ್ಲ. ಅಕ್ಕಪಕ್ಕದವರು ಸೇರಿ ಒಂದೇ ವಾರದಲ್ಲಿ ಹದ ಮಾಡಿಟ್ಟರೆ ಮಾತ್ರ ಬಾಡಿಗೆ ಗಿಟ್ಟುತ್ತದೆ. ಅಷ್ಟು ಜನರನ್ನು ಒಟ್ಟು ಸೇರಿಸುವ ಕೆಲಸ ತರಬೇತಿಯ ಪಟ್ಟಿಯಲ್ಲಿ ಇರಲಿಲ್ಲ, ನಾವೇ ಮನೆಮನೆ ತಿರುಗಿದೆವು.

ಮೂರನೆಯದರ ಬಗ್ಗೆ ಹೆಚ್ಚು ಹೇಳಬೇಕು. ರೈತ ಕ್ಷೇತ್ರ ಪಾಠಶಾಲೆ. 1989ರಲ್ಲಿ ಇಂಡೋನೇಷ್ಯಾದಲ್ಲಿ, ಪೈರಿನ ಬುಡದಲ್ಲಿ ರಸ ಹೀರುವ ಕಂದು ಜಿಗಿಹುಳುವಿನ ಕಾಟಕ್ಕೆ ಉತ್ತರವಾಗಿ ಶುರುವಾದ ಕ್ರಮ ಇದು. ನಾಟಿಯಿಂದ ಕೊಯ್ಲಿನವರೆಗೆ ವಾರವಾರ ಗದ್ದೆಯಲ್ಲೇ ಪಾಠ. ನಮ್ಮ ಅಂಚಿನಲ್ಲಿ ನಿಂತು, "ಅಕ್ಕ, ಎಲೆ ಬಿಡಿ, ಬುಡ ನೋಡಿ" ಎಂದರು ಕಲಿಸುವವರು. ಬುಡ ಬಿಡಿಸಿ ತಟ್ಟಿದರೆ ನೀರಿನ ಮೇಲೆ ಜಿಗಿಹುಳುಗಳು ಉದುರಿದವು, ಅವುಗಳ ಹಿಂದೆಯೇ ಅವನ್ನು ತಿನ್ನುವ ಜೇಡಗಳು ಓಡಿಬಂದವು. ಎರಡನ್ನೂ ಎಣಿಸಿ ಬರೆದುಕೊಂಡೆವು. ಮುಂದಿನ ವಾರ ಅದೇ ಗದ್ದೆಯಲ್ಲಿ ಮತ್ತೆ ಎಣಿಕೆ. ಜೇಡ ಸಾಕಷ್ಟಿರುವಾಗ ಔಷಧಿ ಹೊಡೆದರೆ ಸಾಯುವುದು ಮೊದಲು ಜೇಡ, ಆಮೇಲೆ ಹುಳುವಿಗೆ ತಡೆಯೇ ಇಲ್ಲ. ನಾಟಿಯಾದ ಮೊದಲ ತಿಂಗಳು ಎಲೆ ಸುರುಳಿ ಹುಳು ಕಂಡರೂ ಪೈರು ತೆಂಡೆಯೊಡೆದು ಚೇತರಿಸಿಕೊಳ್ಳುತ್ತದೆ ಎಂಬುದನ್ನು, ಸಿಂಪಡಿಸದೆ ಬಿಟ್ಟ ಒಂದು ಅಂಕಣದಲ್ಲಿ ನಾವೇ ಕಂಡೆವು. ಆಗ ಅಂಗಡಿಯವರ ಮಾತಿಗಿಂತ ನಮ್ಮ ಎಣಿಕೆ ದೊಡ್ಡದಾಯಿತು. ಇಳುವರಿ ವಿಶೇಷವಾಗಿ ಏರಲಿಲ್ಲ, ಔಷಧಿಯ ಬಿಲ್ಲು ಮಾತ್ರ ಅರ್ಧಕ್ಕಿಂತ ಕೆಳಗಿಳಿಯಿತು. ಸಣ್ಣ ರೈತರಿಗೆ ಅದೇ ಲಾಭ. ಸಭಾಂಗಣದಲ್ಲಿ ಬಾಯಿಬಿಡದ ಹೆಂಗಸರು ಇಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡಿದರು, ಗದ್ದೆಯಲ್ಲಿ ದಿನವಿಡೀ ಇರುವವರು ಅವರೇ ತಾನೇ.

ಆಳಿಲ್ಲದೆ ಗದ್ದೆ ಹಡಿಲು ಬಿಡುವ ಸ್ಥಿತಿಯಲ್ಲಿರುವವರು ಮೊದಲು ಯಂತ್ರ ನಾಟಿ ಕಲಿಯಲಿ. ಉಳಿದವರಿಗೆ ನಾನು ಹೇಳುವುದು ಕ್ಷೇತ್ರ ಪಾಠಶಾಲೆಯನ್ನೇ. ವಾರಕ್ಕೊಂದು ಬೆಳಿಗ್ಗೆ ಹೋಗುತ್ತದೆ, ದಿನಗೂಲಿಗೆ ಹೋಗುವವರಿಗೆ ಅದು ಭಾರವೇ, ಆದ್ದರಿಂದ ಆ ಹೊತ್ತಿನ ಕೂಲಿಯನ್ನು ಕಾರ್ಯಕ್ರಮದವರೇ ತುಂಬಿಕೊಡುವುದು ನ್ಯಾಯ.

ಮೂರರಲ್ಲೂ ಮಾರಾಟದ ಪಾಠ ಇರಲಿಲ್ಲ. 2024–25ರಲ್ಲಿ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,300 ರೂಪಾಯಿ ಇತ್ತು, ಆದರೆ ತೇವಾಂಶ ಶೇ. 17 ದಾಟಬಾರದು. ಕೊಯ್ಲಿನ ಹೊತ್ತಿಗೂ ಮಳೆ ಬಿಡದ ನಮ್ಮಲ್ಲಿ ಒಣಗಿಸಲು ಅಂಗಳ ಸಾಲದೆ ಹಸಿ ಭತ್ತವನ್ನೇ ಮಿಲ್ಲಿಗೆ ಕೊಡುತ್ತೇವೆ. ಹತ್ತಾರು ಮನೆಯವರು ಸೇರಿ ಭತ್ತ ಒಣಗಿಸಿ, ಒಟ್ಟಿಗೆ ತೂಗಿ ಮಾರುವುದನ್ನು ಕಲಿಸಿಕೊಡಿ ಎಂದು ಈ ಸಲ ನಮ್ಮ ಗುಂಪಿನಿಂದ ಅರ್ಜಿ ಬರೆದಿದ್ದೇವೆ.